ತಣಿಯಬಾರದ ಉಕ್ಕು

ಗ್ಲ್ಯಾಡಿಸ್ ಗಂಡ ಯೂಸ್ಟೇಸನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನ ಸಂದಿಯ ಕರಿಯನ್ನು ತಿಕ್ಕುತ್ತಿದ್ದಳು. ಸಾಬೂನು ಆಯಿತು, ಲಿಂಬೆಹಣ್ಣಿನ ಸಿಪ್ಪೆ ಆಯಿತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯೂ ಆಯಿತು. ಕರಿ ಮಾತ್ರ ಕದಲಲಿಲ್ಲ. ಕಂಕನಾಡಿಯ ಆಸ್ಪತ್ರೆಯಲ್ಲಿ ದಾದಿಯಾಗಿ ಎಷ್ಟೋ ಹೆಣಗಳನ್ನು ಒರೆಸಿ ಬಟ್ಟೆ ಉಡಿಸಿದವಳು ಅವಳು. ಇಷ್ಟು ಹಟಮಾರಿ ಕೈಯನ್ನು ಅವಳೆಲ್ಲೂ ಕಂಡಿರಲಿಲ್ಲ.

"ಬಿಡು ಗ್ಲ್ಯಾಡಿಸ್," ಎಂದರು ಯೂಸ್ಟೇಸನ ಅಕ್ಕ ಮಗ್ದಲೀನ್ ಬಾಯಿ. "ಹೇಗೂ ಬಿಳಿ ಗ್ಲೌಸ್ ಹಾಕ್ಲಿಕ್ಕೆ ಉಂಟಲ್ಲ. ಯಾರು ನೋಡ್ತಾರೆ?"

"ನಾನು ನೋಡ್ತೇನಲ್ಲ ಬಾಯಿ."

ಮಗ್ದಲೀನ್ ಬಾಯಿ ಮೂಗೊರೆಸಿಕೊಂಡು ಜಪಸರದ ಮಣಿಗೆ ಮರಳಿದರು. ಉರ್ವದ ಆ ಸಣ್ಣ ಮನೆಯ ಚಾವಡಿ ತುಂಬ ಹೆಂಗಸರು ಕೂತಿದ್ದರು. ಹಿಂದಿನ ದಿನ ಸಂಜೆಯ ಹೊತ್ತಿಗೆ ಕೂಳೂರಿನ ವರ್ಕ್‌ಶಾಪಿನಲ್ಲಿ, ಸ್ಟೂಲಿನ ಮೇಲೆ ಕೂತಿದ್ದ ಯೂಸ್ಟೇಸ್ ಕಂಬಕ್ಕೆ ಒರಗಿದವನು ಮತ್ತೆ ಏಳಲಿಲ್ಲ. ಎದೆ ನೋಯುತ್ತದೆ ಎನ್ನಲಿಕ್ಕೂ ಅವನಿಗೆ ಪುರುಸೊತ್ತು ಸಿಗಲಿಲ್ಲವಂತೆ. ಇವತ್ತು ಸಂಜೆ ನಾಲ್ಕಕ್ಕೆ ಇಗರ್ಜಿಯಲ್ಲಿ ಪೂಜೆ, ಆಮೇಲೆ ಮಣ್ಣು. ಅಲ್ಲಿಯವರೆಗೆ ಮನೆಯಲ್ಲಿ ಒಲೆ ಉರಿಸುವಂತಿಲ್ಲ. ನೆರೆಮನೆಯ ಲಿಲ್ಲಿ ಕೆಟಲಿನಲ್ಲಿ ತಂದಿಟ್ಟ ಚಹಾ ಯಾರೂ ಮುಟ್ಟದೆ ಆರಿಹೋಗಿತ್ತು.

ಗ್ಲೌಸ್ ಹಾಕಿ, ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಾಗಲೂ ಗ್ಲ್ಯಾಡಿಸಳಿಗೆ ಅಳು ಬರಲಿಲ್ಲ. ಅದು ಅವಳಿಗೇ ಆಶ್ಚರ್ಯ. ಬೆಳಗ್ಗಿನಿಂದ ಆ ಕೈಯನ್ನು ಹಿಡಿದುಕೊಂಡೇ ಇದ್ದಾಳೆ, ಅದು ಮಾತ್ರ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿದೆ. ಇಪ್ಪತ್ತೆರಡು ವರ್ಷ ಒಟ್ಟಿಗೆ ಇದ್ದವನು ಹೀಗೆ ತಣ್ಣಗಾಗಿ ಮಲಗಿದರೆ ಅಳುವುದಾದರೂ ಯಾರ ಹತ್ತಿರ? ಮಕ್ಕಳೂ ಇಲ್ಲದ ಮನೆ. ನಾಲ್ಕರ ಗಂಟೆ ಬಾರಿಸಿದ ಮೇಲೆ ಇವನದ್ದು ಅಂತ ಈ ಭೂಮಿಯ ಮೇಲೆ ಎಂತ ಉಳಿಯುತ್ತದೆ ಎಂದು ಯೋಚಿಸುತ್ತಿದ್ದಳು.

ಆಗಲೇ ಬಾಗಿಲ ಹೊರಗೆ ಪಿಸುಮಾತು ಕೇಳಿಸಿದ್ದು. ವರ್ಕ್‌ಶಾಪಿನ ಧಣಿ ಉಸ್ಮಾನ್ ಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತಾ ಮೆಟ್ಟಿಲ ಬಳಿ ನಿಂತಿದ್ದರು. ಪಕ್ಕದಲ್ಲಿ ಹ್ಯಾಮರು ಯಂತ್ರದ ಕೆಲಸದ ಮುದ್ದು.

"ಸಾಹೇಬ್ರೇ, ಅದು ಬೂದಿಯಲ್ಲೇ ಉಂಟು. ಇನ್ನು ಬಿಟ್ರೆ ಸೀಳ್ತದೆ."

"ಬಾಯಿ ಮುಚ್ಚು ಮುದ್ದು. ಇದು ಆ ಮಾತು ಆಡುವ ಜಾಗವಾ?"

"ಪೊರ್ಬುಗಳು ಎಷ್ಟು ತಿಂಗಳು ಕೊರೆದದ್ದು..."

"ಸೀಳ್ಲಿ ಮಾರಾಯ! ಅವರಿಗಿಂತ ದೊಡ್ಡದಾ ಅದು?"

ಪೊರ್ಬುಗಳೆಂದರೆ ಯೂಸ್ಟೇಸ್, ಕೊಂಕಣಿ ಕ್ರಿಸ್ತುವರನ್ನು ಊರಿನ ತುಳುವರು ಮರ್ಯಾದೆಯಿಂದ ಕರೆಯುವುದೇ ಹಾಗೆ. ಗ್ಲ್ಯಾಡಿಸ್ ಕೂತಲ್ಲಿಂದಲೇ ಕೇಳಿದಳು: "ಎಂತದು ಸೀಳುವುದು?"

ಜಪ ಹೇಳುತ್ತಿದ್ದವರೆಲ್ಲ ತಟ್ಟನೆ ನಿಲ್ಲಿಸಿದರು. ಸಾಹೇಬರು ಎಂತದೂ ಇಲ್ಲ ಬಾಯಮ್ಮ, ಕೆಲಸದ ಮಾತು ಎಂದು ಕೈ ಆಡಿಸಿದರು. ಮುದ್ದುವಿಗೆ ತಡೆಯಲಾಗಲಿಲ್ಲ.

"ಡೈ, ಬಾಯಮ್ಮ. ಕೆಳಗಿನ ಡೈ."

*

ಡೈ ಎಂಬ ಆ ಎರಡಕ್ಷರವನ್ನು ಕೇಳಿ ಕೇಳಿ ಗ್ಲ್ಯಾಡಿಸಳ ಕಿವಿ ತೂತಾಗಿತ್ತು. ಮದುವೆಯಾದ ಹೊಸತರಲ್ಲಿ ಅವಳಿಗೆ ಅದರ ಗಂಧಗಾಳಿ ಇರಲಿಲ್ಲ. ಮೊದಲ ಕ್ರಿಸ್ಮಸ್ಸಿಗೆ ಅಡುಗೆಮನೆಯಲ್ಲಿ ಹಬ್ಬದ ತಿಂಡಿ ಕೊಕ್ಕಿಸಾಂ ಕರಿಯುತ್ತಿದ್ದಾಗ ಯೂಸ್ಟೇಸ್ ಬಾಗಿಲಿಗೆ ಒರಗಿ ನೋಡುತ್ತಿದ್ದ. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಅವಳು ಮೊದಲು ಬರೀ ಕಾದ ಎಣ್ಣೆಯಲ್ಲಿ ಮುಳುಗಿಸಿಟ್ಟು, ಆಮೇಲೆ ಹಿಟ್ಟಿಗೆ ಅದ್ದಿದಳು.

"ಅದೆಂತಕ್ಕೆ ಎಣ್ಣೆಯಲ್ಲಿ ಇಟ್ಟದ್ದು?" ಎಂದು ಕೇಳಿದ.

"ಅಚ್ಚು ತಣ್ಣಗಿದ್ರೆ ಹಿಟ್ಟು ಹಿಡಿಯುವುದಿಲ್ಲ. ಹಿಡಿದ್ರೂ ಬಿಡುವುದಿಲ್ಲ. ನಿಮಗೆ ಇಷ್ಟೂ ಗೊತ್ತಿಲ್ವಾ?"

ಅವನಿಗೆ ನಗು ಬಂತು. ನಮ್ಮದೂ ಅದೇ ಮಾರಾಯ್ತಿ, ಎಂದ. ಮತ್ತೆ ಶುರುವಾಯಿತು ನೋಡಿ ಪಾಠ. ಎರಡು ಉಕ್ಕಿನ ತುಂಡುಗಳಲ್ಲಿ, ದೋಣಿಗೆ ಬೇಕಾದ ಕೊಕ್ಕೆಯ ಆಕಾರವನ್ನು ಅರ್ಧರ್ಧ ಕೊರೆಯುವುದು. ಅದೇ ಡೈ. ಒಂದು ಕೆಳಗೆ, ಒಂದು ಮೇಲೆ ಹ್ಯಾಮರಿನ ತಲೆಗೆ. ನಡುವೆ ಕೆಂಪಗೆ ಕಾದ ಕಬ್ಬಿಣ ಇಟ್ಟು ಹೊಡೆದರೆ ಕೊಕ್ಕೆ. ತಣ್ಣಗಿನ ಡೈಯ ಮೇಲೆ ಮೊದಲ ಏಟು ಹಾಕಿದರೆ ಅದು ಬಿರಿಯುತ್ತದೆ, ಹಾಗಾಗಿ ಬೆಳಗ್ಗೆ ಬಂದವನೇ ಅದನ್ನು ಬಿಸಿ ಮಾಡಬೇಕು. ಅಷ್ಟೆಲ್ಲ ಆರೈಕೆ ಮಾಡಿದರೂ ಅದು ಬಾಳುವುದಿಲ್ಲ.

"ಯಾಕೆ? ಉಕ್ಕಲ್ವಾ?"

"ಉಕ್ಕೇ. ಆದ್ರೆ ಕೆಂಪು ಕಬ್ಬಿಣವನ್ನು ದಿನವಿಡೀ ಅಪ್ಪಿಕೊಂಡ್ರೆ ಉಕ್ಕೂ ಮೆತ್ತಗಾಗ್ತದೆ. ಕಬ್ಬಿಣದ ಮೈಮೇಲೆ ಕರಿ ಚಕ್ಕೆ ಏಳ್ತದೆ, ಮೆತ್ತಗಾದ ಮುಖವನ್ನು ಅದು ಮರಳಿನ ಹಾಗೆ ಉಜ್ಜುತ್ತದೆ. ಒಂದು ಬುಟ್ಟಿ ಕೊಕ್ಕೆ ತುಂಬುವಷ್ಟರಲ್ಲಿ ಅಂಚೆಲ್ಲ ಸವೆದು, ಕೊನೆಯ ಕೊಕ್ಕೆಗೆ ಬಾವು ಬಂದಿರ್ತದೆ."

ಆ ವರ್ಷದ ಕೊಕ್ಕಿಸಾಂ ಅರ್ಧ ಸೀದುಹೋಯಿತು. ಯೂಸ್ಟೇಸ್ ಅದನ್ನೇ ಚೆನ್ನಾಗುಂಟು ಎಂದು ತಿಂದ.

ವರ್ಷ ಕಳೆದಂತೆ ಅವಳಿಗೆ ಆ ಡೈಗಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿತೆಂದರೂ ತಪ್ಪಲ್ಲ. ಅವನು ಕೊರೆಯುವುದು, ಅವು ಸವೆಯುವುದು, ಮತ್ತೆ ಕೊರೆಯುವುದು. ಬಂದರಿನಲ್ಲಿ ಯಂತ್ರದ ದೋಣಿಗಳು ಹೆಚ್ಚಾದ ಹಾಗೆ ಕೊಕ್ಕೆಗಳ ಕೆಲಸವೂ ಹೆಚ್ಚಿತು. ಒಮ್ಮೆ ಅವಳು ಸಿಟ್ಟಿನಿಂದ, "ನೀವು ಮಾಡಿದ್ದು ಒಂದಾದ್ರೂ ಉಳಿಯುತ್ತದಾ?" ಎಂದು ಕೇಳಿಬಿಟ್ಟಿದ್ದಳು. ಯೂಸ್ಟೇಸ್ ಸಿಟ್ಟುಮಾಡಿಕೊಳ್ಳಲಿಲ್ಲ. "ಇಷ್ಟರವರೆಗೆ ಇಲ್ಲ," ಎಂದಿದ್ದ.

*

ಮುದ್ದು ಅಂಗಳದಲ್ಲಿ ನಿಂತು ಹೇಳಿದ್ದು ಇಷ್ಟು. ನಿನ್ನೆ ಮಧ್ಯಾಹ್ನ ಪೊರ್ಬುಗಳು ಕೆಳಗಿನ ಡೈಯನ್ನು ಕುಲುಮೆಯಲ್ಲಿ ಬಿಳಿಚುವಷ್ಟು ಕಾಸಿ ಹೊರಗೆ ಗಾಳಿಗೆ ಇಟ್ಟಿದ್ದರು. ಅದು ಹದಕ್ಕೆ ಇಳಿಯುವುದನ್ನು ಕಾಯುತ್ತಾ ಸ್ಟೂಲಿನಲ್ಲಿ ಕೂತದ್ದೇ ಅವರ ಕೊನೆ. ಹಾಗೆ ಗಾಳಿಗೆ ಹಿಡಿದ ಉಕ್ಕು ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಆದರೆ ಒಳಗೆಲ್ಲ ಬಿಗಿ. ಪೂರ್ತಿ ತಣಿಯುವ ಮೊದಲು ಇನ್ನೊಮ್ಮೆ ಸಣ್ಣ ಬೆಂಕಿಯಲ್ಲಿಟ್ಟು ಆ ಬಿಗಿ ಬಿಡಿಸಬೇಕು. ಇಲ್ಲದಿದ್ದರೆ ಯಾರೂ ಮುಟ್ಟದೆ ಅದೇ ಎರಡಾಗಿ ಸೀಳುತ್ತದೆ. ಗಲಾಟೆಯಲ್ಲಿ ಮುದ್ದು ಅದನ್ನು ಬಿಸಿ ಬೂದಿಯ ಪೆಟ್ಟಿಗೆಯಲ್ಲಿ ಹೂತಿಟ್ಟಿದ್ದ. ಬೇರೆಯವರು ಕುಲುಮೆಗೆ ನೀರು ಹೊಯ್ದಿದ್ದರು.

"ನೀರು ಹೊಯ್ಯಿ ಅಂತ ಹೇಳಿದ್ದು ನಾನೇ ಬಾಯಮ್ಮ," ಎಂದರು ಸಾಹೇಬರು. "ಅವರು ಹೋದ ಜಾಗದಲ್ಲಿ ಬೆಂಕಿ ಉರಿಯುವುದು ನನ್ನಿಂದ ನೋಡ್ಲಿಕ್ಕೆ ಆಗ್ಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದುಂಟಾ? ಅದು ಅವರ ಇನ್ನೊಂದು ಮನೆಯೇ ಅಲ್ವಾ?"

ಮರ್ಯಾದೆಗೆಂದು ಮಾಡಿದ್ದೇ ಕುತ್ತಾಗಿತ್ತು. ಗ್ಲ್ಯಾಡಿಸಳಿಗೆ ಅವರನ್ನು ಬೈಯಲಿಕ್ಕೂ ಮನಸ್ಸು ಬರಲಿಲ್ಲ.

"ಈಗ ಬಿಸಿ ಉಂಟಾ ಅದು?"

"ಅದೇ ಗೊತ್ತಾಗುದಿಲ್ಲ," ಎಂದ ಮುದ್ದು. ಅವನು ತನ್ನ ಅಂಗೈ ತೋರಿಸಿದ. ಹ್ಯಾಮರಿನ ಕೆಲಸದಲ್ಲಿ ಜಡ್ಡುಗಟ್ಟಿದ ಆ ಕೈ ಮರದ ಹಲಗೆಯ ಹಾಗಿತ್ತು. "ನನಗೆ ಸುಟ್ರೆ ಮಾತ್ರ ಗೊತ್ತಾಗುದು ಬಾಯಮ್ಮ. ಪೊರ್ಬುಗಳೇ ಮುಟ್ಟಿ ಹೇಳ್ತಿದ್ರು. ಜ್ವರ ಏರಿದ ಮಗುವಿನ ಹಣೆಯಷ್ಟಾದ್ರೂ ಬಿಸಿ ಇರ್ಬೇಕು, ಅದಕ್ಕಿಂತ ಇಳಿದ್ರೆ ಹೋಯ್ತು ಅಂತ."

"ಇಳಿದಿದ್ರೆ ಇವತ್ತು ಬೆಂಕಿ ಹಾಕಿ ಎಂತ ಪ್ರಯೋಜನ?" ಎಂದರು ಸಾಹೇಬರು. "ಆ ಉಕ್ಕು ಬೊಂಬಾಯಿಯಿಂದ ಬಂದದ್ದು, ಇನ್ನೊಂದು ತುಂಡು ಇಲ್ಲ. ಸಿಕ್ಕಿದ್ರೂ ಕೊರೆಯುವವರು ಯಾರು? ಬಿಟ್ಟುಬಿಡುವ ಬಾಯಮ್ಮ."

ಗ್ಲ್ಯಾಡಿಸ್ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ವಾರ್ಡಿನಲ್ಲಿ ಗಂಟೆ ಹೊಡೆದಾಗ ಏಳುವ ಹಾಗೆ ಎದ್ದಿದ್ದಳು.

"ಜ್ವರ ನನಗೆ ಗೊತ್ತಾಗ್ತದೆ. ಕಾರು ಉಂಟಲ್ಲ? ಹೋಗುವ."

ಚಾವಡಿಯಲ್ಲಿ ಗುಸುಗುಸು ಎದ್ದಿತು. ಮಗ್ದಲೀನ್ ಬಾಯಿ ಬಾಗಿಲಿಗೆ ಅಡ್ಡ ನಿಂತರು. "ಹುಚ್ಚು ಹಿಡಿದಿದ್ಯಾ ನಿನಗೆ? ಗಂಡನ ಹೆಣ ಬಿಟ್ಟು ಹೆಂಡತಿ ಗೇಟು ದಾಟುವುದುಂಟಾ? ಕಬ್ಬಿಣದ ತುಂಡು ನೋಡ್ಲಿಕ್ಕೆ! ಜನ ಎಂತ ಹೇಳಿಯಾರು?"

"ಬೇಗ ಬರ್ತೇನೆ ಬಾಯಿ. ನೀವು ಅವರ ಹತ್ತಿರ ಕೂತ್ಕೊಳ್ಳಿ."

"ಅವನು ನನ್ನ ತಮ್ಮ. ನಾನು ಕೂತ್ಕೊಳ್ಳುವುದನ್ನು ನೀನು ಹೇಳಿಕೊಡುವುದು ಬೇಡ!"

ಆದರೂ ಅವರು ಬಾಗಿಲು ಬಿಟ್ಟರು.

*

ಗಂಡ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ ಜಾಗಕ್ಕೆ ಗ್ಲ್ಯಾಡಿಸ್ ಕಾಲಿಟ್ಟದ್ದು ಅದೇ ಮೊದಲು. ನದಿಯ ಬದಿಯ ತಗಡಿನ ಮಾಡು. ಒಳಗೆ ಆಳೆತ್ತರದ ಹ್ಯಾಮರು ತಲೆ ಎತ್ತಿಕೊಂಡು ನಿಂತಿತ್ತು. ನೀರು ಕುಡಿದ ಕುಲುಮೆಯಿಂದ ಹಸಿ ಬೂದಿಯ ವಾಸನೆ ಬರುತ್ತಿತ್ತು. ಸ್ಟೂಲು ಕಂಬದ ಬಳಿಯೇ ಇತ್ತು. ಅತ್ತ ನೋಡದೆ ಮುಂದೆ ಹೋದಳು.

ಮುದ್ದು ಪೆಟ್ಟಿಗೆಯ ಬೂದಿಯನ್ನು ಸಲಿಕೆಯಲ್ಲಿ ಸರಿಸಿದ. ಮೇಲಿನ ಬೂದಿ ತಣ್ಣಗಿತ್ತು. ಅದನ್ನು ಕಂಡು ಸಾಹೇಬರು ಮುಖ ತಿರುಗಿಸಿಕೊಂಡರು. ಇನ್ನೂ ಕೆಳಗೆ ಒಂದು ಕಪ್ಪು ಮೂಲೆ ಕಂಡಿತು. ಗ್ಲ್ಯಾಡಿಸ್ ಮಂಡಿಯೂರಿ ಕೂತು ಅಂಗೈಯನ್ನು ಅದರ ಮೇಲಿಟ್ಟಳು.

ಮೂಲೆ ಬೆಚ್ಚಗಿತ್ತು, ಅಷ್ಟೆ. ಕೈಯನ್ನು ಒಳಗೆ ಜಾರಿಸಿ, ಬೂದಿಯ ಅಡಿಯಲ್ಲಿ ತುಂಡಿನ ನಡುಭಾಗವನ್ನು ಮುಟ್ಟಿದಳು. ಅಲ್ಲಿ ಬಿಸಿ ಇತ್ತು. ಕೈ ಹಿಂದೆಗೆಯಬೇಕೆನಿಸುವಷ್ಟು ಬಿಸಿ, ಆದರೂ ಇಟ್ಟುಕೊಳ್ಳಬಹುದಾದಷ್ಟು.

ಆ ಹೊತ್ತಿಗೆ ಅವಳಿಗೆ ಆದದ್ದನ್ನು ಹೇಗೆ ಹೇಳುವುದು? ಇದು ಅವನು ಹಚ್ಚಿದ ಬೆಂಕಿಯ ಬಿಸಿ. ಅವನ ಮೈಯ ಬಿಸಿ ನಿನ್ನೆಯೇ ಆರಿಹೋಗಿತ್ತು. ಇದರೊಳಗೆ ಮಾತ್ರ, ರಾತ್ರಿಯಿಡೀ ಯಾರೂ ಕಾಯದಿದ್ದರೂ, ಅದು ಉಳಿದುಕೊಂಡಿತ್ತು. ಬೆಳಗ್ಗಿನಿಂದ ಅವಳು ಹುಡುಕುತ್ತಿದ್ದದ್ದು ಇದನ್ನೇ. ಬೂದಿಯಲ್ಲಿ ಕೈ ಹೂತುಕೊಂಡು, ಧಣಿಯ ಎದುರು, ಕೆಲಸದವನ ಎದುರು, ನಾಚಿಕೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು.

"ಉಂಟು," ಎಂದಳು ಕೊನೆಗೆ. "ಜ್ವರಕ್ಕಿಂತ ಮೇಲೆ ಉಂಟು. ಬೆಂಕಿ ಹಾಕು ಮುದ್ದು."

ಮುದ್ದು ಸಾಹೇಬರ ಮುಖ ನೋಡಿದ. ಸಾಹೇಬರು ಆಗಲೇ ಅಂಗಿಯ ತೋಳು ಮಡಚಿ, ಕುಲುಮೆಯ ಹಸಿ ಬೂದಿಯನ್ನು ತಾವೇ ಕೆರೆಯಲು ತೊಡಗಿದ್ದರು.

*

ಆ ಉಕ್ಕು ಬಂದ ದಿನ ಯೂಸ್ಟೇಸ್ ಊಟ ಮಾಡಿರಲಿಲ್ಲ. ಬಟ್ಟಲ ಮುಂದೆ ಕೂತು ದೀಪದ ಬಲ್ಬನ್ನೇ ನೋಡುತ್ತಿದ್ದ. ಗ್ಲ್ಯಾಡಿಸ್ ಎರಡು ಸಲ ಸಾರು ಬಡಿಸಿ, ಮೂರನೆಯ ಸಲ ಸೌಟನ್ನು ಕುಕ್ಕಿದಳು.

"ಗ್ಲ್ಯಾಡಿಸ್, ಆ ಬಲ್ಬಿನೊಳಗೆ ಒಂದು ತಂತಿ ಉಂಟಲ್ಲ, ಎಷ್ಟು ಉರಿದ್ರೂ ಕರಗದ ತಂತಿ? ಟಂಗ್‌ಸ್ಟನ್ ಅಂತ. ಅದನ್ನು ಬೆರೆಸಿದ್ದಾರೆ ಈ ಉಕ್ಕಿಗೆ. ಕೆಂಪಗಾದ್ರೂ ಇದು ಮೆತ್ತಗಾಗುವುದಿಲ್ಲ. ನೆನೆಸಿಕೋ. ಕೆಂಪಗಾದ್ರೂ!"

"ನೀವು ನೋಡಿದ್ದೀರಾ?"

"ಇಲ್ಲ. ಹೇಳಿದ್ದು ಕೇಳಿದ್ದು. ಆದ್ರೆ ಇವತ್ತು ಉಳಿ ಇಟ್ಟು ನೋಡಿದೆ. ಕಾಸದೆಯೂ ಎಷ್ಟು ಸೊಕ್ಕು ಉಂಟು ಗೊತ್ತಾ ಅದಕ್ಕೆ! ನನ್ನ ಉಳಿಯ ಬಾಯಿಯೇ ಮುರಿಯಿತು."

ಉಳಿ ಮುರಿದದ್ದನ್ನು ಅವನು ಮಗುವಿಗೆ ಹಲ್ಲು ಮೂಡಿದ್ದನ್ನು ಹೇಳುವ ಹಾಗೆ ಹೇಳಿದ. ನಲವತ್ತೆಂಟು ವರ್ಷದ ಗಂಡಸಿನ ಮುಖದಲ್ಲಿ ಅಷ್ಟು ಬೆರಗು ಕಂಡು ಅವಳು ಸೌಟು ಕೆಳಗಿಟ್ಟಳು. ಆಮೇಲೆ ತಿಂಗಳುಗಟ್ಟಲೆ ಅವನು ಎರಡು ಡೈಗಳನ್ನೂ ಕೊರೆದ, ಅರದಿಂದ ಉಜ್ಜಿದ, ಕನ್ನಡಿಯಾಗುವವರೆಗೆ ಎಣ್ಣೆಕಲ್ಲಿನಲ್ಲಿ ತಿಕ್ಕಿದ. ಮೇಲಿನದು ಹೋದ ವಾರ ಬೆಂಕಿಯಿಂದ ನೆಟ್ಟಗೆ ಹೊರಬಂದಿತ್ತು. ಅಂದು ಮನೆಗೆ ಬಂದವನು, ಇನ್ನೊಂದೂ ಹೀಗೇ ಬಂದ್ರೆ ನಿನ್ನ ಮಾತಿಗೆ ಉತ್ತರ ಕೊಡ್ತೇನೆ ಎಂದಿದ್ದ. ಯಾವ ಮಾತು ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

*

ಗ್ಲ್ಯಾಡಿಸ್ ಮರಳಿ ಬಂದಾಗ ಅವಳ ಕರಿ ಸೀರೆಯ ತುಂಬ ಬೂದಿ. ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡರು. ಮಗ್ದಲೀನ್ ಬಾಯಿ ಮುಖ ಊದಿಸಿಕೊಂಡಿದ್ದರು.

"ಆಯ್ತಾ ನಿನ್ನ ಕೆಲಸ? ಇಲ್ಲಿ ಇವನು ಒಬ್ಬನೇ ಮಲಗಿದ್ದಾನೆ."

"ಅವರ ಬಿಸಿ ಅಲ್ಲಿ ಉಳಿದಿತ್ತು ಬಾಯಿ," ಎಂದಳು ಗ್ಲ್ಯಾಡಿಸ್. ಹೆಚ್ಚು ವಿವರಿಸುವ ತ್ರಾಣ ಅವಳಿಗಿರಲಿಲ್ಲ. ಗಂಡನ ತಲೆಯ ಬಳಿ ಕೂತಳು. ಈಗ ಅವನ ಹಣೆ ಮುಟ್ಟಿದಾಗ ತಣ್ಣಗಿದ್ದರೂ ಹೆದರಿಕೆಯಾಗಲಿಲ್ಲ.

ನಾಲ್ಕಕ್ಕೆ ಇಗರ್ಜಿಯ ಗಂಟೆ ಬಿಡಿ ಬಿಡಿಯಾಗಿ ಬಾರಿಸಿತು. ಪೆಟ್ಟಿಗೆ ಹೊತ್ತವರಲ್ಲಿ ಉಸ್ಮಾನ್ ಸಾಹೇಬರೂ ಒಬ್ಬರು. ಪೂಜೆ ಮುಗಿಯುವವರೆಗೆ ಅಂಗಳದಲ್ಲಿ ನಿಂತಿದ್ದು ಸ್ಮಶಾನದವರೆಗೂ ಹೆಗಲು ಕೊಟ್ಟರು. ಮುದ್ದು ಬಂದಿರಲಿಲ್ಲ. ಕತ್ತಲಲ್ಲಿ ಕಂಡೂ ಕಾಣದಷ್ಟು ಕೆಂಪಿಗೆ ಡೈಯನ್ನು ಹಿಡಿದಿಟ್ಟು ಆಮೇಲೆ ಮೆಲ್ಲನೆ ಇಳಿಸುವ ಕೆಲಸ ಅವನದು, ಕದಲುವಂತಿರಲಿಲ್ಲ. ಗ್ಲ್ಯಾಡಿಸ್ ಹಿಡಿ ಮಣ್ಣು ಹಾಕಿದಳು. ಬೇರೆಯವರೂ ಹಾಕಿದರು. ಪಾದ್ರಿಯವರು ಅವನು ಸರಳ ಮನುಷ್ಯನಾಗಿದ್ದ, ದುಡಿದು ತಿಂದ, ಯಾರಿಗೂ ಕೇಡು ಬಯಸಲಿಲ್ಲ ಎಂದರು. ಅದೆಲ್ಲ ನಿಜವೇ.

ಗೇಟಿನ ಬಳಿ ಮಗ್ದಲೀನ್ ಬಾಯಿ ಗ್ಲ್ಯಾಡಿಸಳ ರಟ್ಟೆ ಹಿಡಿದು ನಿಲ್ಲಿಸಿದರು.

"ಎಲ್ಲಿಗೆ? ಮನೆಯಲ್ಲಿ ಗಂಜಿ ಇಟ್ಟಿದ್ದಾರೆ."

"ಕೂಳೂರಿಗೆ ಹೋಗಿ ಬರ್ತೇನೆ ಬಾಯಿ."

ಅವರು ಏನೋ ಬೈಯಲು ಬಾಯಿ ತೆರೆದರು. ಮತ್ತೆ ಅದನ್ನು ನುಂಗಿಕೊಂಡು, "ನಾನೂ ಬರ್ತೇನೆ," ಎಂದರು. "ನನ್ನ ತಮ್ಮನಿಗಿಂತ ಹೆಚ್ಚಿನದು ಅಲ್ಲಿ ಎಂತ ಉಂಟು ಅಂತ ನೋಡಿಯೇ ಬಿಡುವ."

*

ಅವರು ತಲುಪುವಾಗ ಸೂರ್ಯ ಮುಳುಗಿ, ನದಿಯ ಮೇಲೆ ಸ್ವಲ್ಪ ಬೆಳಕು ಉಳಿದಿತ್ತು. ಸ್ಮಶಾನದಿಂದ ಕೆಲಸದವರೂ ಸೈಕಲ್ಲಿನಲ್ಲಿ ಹಾಗೇ ಬಂದಿದ್ದರು, ಒಗೆದ ಅಂಗಿಗಳಲ್ಲಿ. ಕೆಳಗಿನ ಡೈ ಹ್ಯಾಮರಿನ ಅಡಿಯಲ್ಲಿ ಬೆಚ್ಚಗೆ ಕೂತಿತ್ತು. ಮುದ್ದು ಟಾರ್ಚ್ ಹಿಡಿದು ಅದರ ಮೂಲೆ ಮೂಲೆಯನ್ನೂ ತೋರಿಸಿದ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

"ಇದು ಬರೀ ಮೇಲಿನ ನೋಟ ಬಾಯಮ್ಮ," ಎಂದ ಅವನು ಮೆಲ್ಲಗೆ. "ಏಟಿಗೆ ನಿಲ್ತದಾ ಅಂತ ಗೊತ್ತಾಗ್ಬೇಕಷ್ಟೆ."

"ಹೊಡಿ," ಎಂದಳು ಗ್ಲ್ಯಾಡಿಸ್.

ಕುಲುಮೆಯಿಂದ ಸರಳು ಹೊರಬಂತು. ಹಳದಿ ಬಣ್ಣದ ಅದರ ಬೆಳಕಿಗೆ ಎಲ್ಲರ ಮುಖಗಳೂ ಹಬ್ಬದ ದಿನದ ಹಾಗೆ ಹೊಳೆದವು. ಮುದ್ದು ಅದನ್ನು ಡೈಯೊಳಗೆ ಇಟ್ಟು ಹ್ಯಾಮರು ಬಿಟ್ಟ. ನೆಲ ನಡುಗಿತು, ಮಗ್ದಲೀನ್ ಬಾಯಿ ಶಿಲುಬೆ ಹಾಕಿಕೊಂಡರು. ಕಿಡಿಗಳು ಚದುರಿದವು, ಇನ್ನೊಂದು ಏಟು, ಮತ್ತೊಂದು. ಹ್ಯಾಮರು ಮೇಲೆದ್ದಾಗ ಡೈಯ ಮಡಿಲಲ್ಲಿ ಕೆಂಪು ಕೊಕ್ಕೆಯೊಂದು ಮಲಗಿತ್ತು. ಇಕ್ಕಳದಿಂದ ಎತ್ತಿದೊಡನೆ ಅದು ಹಟವಿಲ್ಲದೆ ಬಿಟ್ಟುಬಂತು.

"ಇನ್ನೊಂದು," ಎಂದರು ಸಾಹೇಬರು.

ಇನ್ನೊಂದು ಆಯಿತು, ಹತ್ತು ಆದವು. ಮರಳಿನ ಮೇಲೆ ಕೊಕ್ಕೆಗಳು ಹಳದಿಯಿಂದ ಕೆಂಪಾಗಿ, ಕೆಂಪಿನಿಂದ ಕಪ್ಪಾದವು. ಕೆಲಸದವರು ಒಬ್ಬರ ಕೈಯಿಂದ ಒಬ್ಬರು ಸರಳು ತೆಗೆದುಕೊಂಡು, ಒಗೆದ ಅಂಗಿಗಳನ್ನು ಬಿಚ್ಚಿ ಕಂಬಕ್ಕೆ ಸಿಕ್ಕಿಸಿ, ಒಂದೇ ಸಮನೆ ಹೊಡೆದರು. ಗ್ಲ್ಯಾಡಿಸಳ ಲೆಕ್ಕ ಎಂದೋ ತಪ್ಪಿತ್ತು. ಪ್ರತಿ ಸಲ ಹ್ಯಾಮರು ಏಳುವಾಗ ಅವಳು ಬಗ್ಗಿ ನೋಡುತ್ತಿದ್ದಳು. ಪ್ರತಿ ಸಲವೂ ಆ ಕೊರೆದ ಅಂಚು, ಆಗತಾನೇ ಎಣ್ಣೆಕಲ್ಲಿನಿಂದ ಎದ್ದುಬಂದ ಹಾಗೆ, ನೆಟ್ಟಗೆ ಕೂತಿತ್ತು. ಅಷ್ಟು ಬೆಂಕಿಯನ್ನು ಅಪ್ಪಿಕೊಂಡೂ ಅದು ಸವೆದಿರಲಿಲ್ಲ.

ಬುಟ್ಟಿ ತುಂಬಿತು. ಮುದ್ದು ಆರಿದ್ದ ಮೊದಲ ಕೊಕ್ಕೆಯನ್ನೂ ಮರಳಲ್ಲಿ ಕಪ್ಪಾದ ಕೊನೆಯ ಕೊಕ್ಕೆಯನ್ನೂ ಇಕ್ಕಳಗಳಲ್ಲಿ ಅಕ್ಕಪಕ್ಕ ಹಿಡಿದು ಸಾಹೇಬರಿಗೆ ತೋರಿಸಿದ. ಸಾಹೇಬರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಯಾವುದು ಮೊದಲಿನದು ಮಾರಾಯ?" ಎಂದು ಕೇಳಿದರು. ಯಾವ ಕೈಯಲ್ಲಿ ಯಾವುದು ಎಂಬ ನೆನಪಿಲ್ಲದಿದ್ದರೆ ಮುದ್ದುವಿಗೂ ಗೊತ್ತಾಗುತ್ತಿರಲಿಲ್ಲ.

"ಬುಟ್ಟಿ ಮುಗಿಯಿತು," ಎಂದ ಅವನು. "ಇಷ್ಟಕ್ಕೇ ನಿಲ್ಲಿಸುದು ನಮ್ಮ ಕ್ರಮ. ಇದಕ್ಕಿಂತ ಹೆಚ್ಚು ಯಾವ ಡೈಯೂ ಕೊಟ್ಟದ್ದಿಲ್ಲ."

"ಇದು ಇನ್ನೂ ಸೋತದ್ದೇ ಇಲ್ಲವಲ್ಲ," ಎಂದರು ಮಗ್ದಲೀನ್ ಬಾಯಿ.

ಎಲ್ಲರೂ ಅವರತ್ತ ತಿರುಗಿದರು. ಗೋರಿಗೆ ಹೂ ಒಯ್ದಿದ್ದ ಬೆತ್ತದ ಬುಟ್ಟಿ ಇನ್ನೂ ಅವರ ಮೊಣಕೈಯಲ್ಲೇ ಇತ್ತು. ತಳದಲ್ಲಿ ಉಳಿದಿದ್ದ ನಾಲ್ಕು ಸೇವಂತಿಗೆಗಳನ್ನು ಅವರು ಗ್ಲ್ಯಾಡಿಸಳ ಮಡಿಲಿಗೆ ಸುರಿದರು. ಬುಟ್ಟಿಯನ್ನು ಬೋರಲು ಹಾಕಿ ತಟ್ಟಿ, ಬಾಯಿ ಮೇಲಾಗಿ ಮುದ್ದುವಿನ ಕಾಲ ಬಳಿ ಮರಳಿನ ಮೇಲೆ ಇಟ್ಟು, ಇನ್ನೂ ಚೆನ್ನಾಗಿ ಕಾಣಲೆಂದು ಹ್ಯಾಮರಿಗೆ ಒಂದು ಹೆಜ್ಜೆ ಹತ್ತಿರ ಬಂದು ನಿಂತರು.